ಫೆಬ್ರವರಿ 75ನೇ ತಾರೀಖು: ಬ್ಯಾಚ್ ಫೈಲಿನಲ್ಲಿ ಹಿಂದಿನ, ಮುಂದಿನ ದಿನಗಳ ಲೆಕ್ಕ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ದಿನಾ ರಾತ್ರಿ ಲೆಕ್ಕದ ಫೈಲು ಬ್ಯಾಕಪ್ ಆಗುತ್ತದೆ. ಅದರ ಹೆಸರೇ ತಾರೀಖು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಒಟ್ಟು ಎಂಟು ಅಂಕಿ. ಡಿಸ್ಕ್ ತುಂಬುತ್ತ ಬಂತೆಂದು 5-3-2024ರಂದು ಒಂದು ಬ್ಯಾಚ್ ಫೈಲು (ವಿಂಡೋಸ್ ಒಂದರ ಹಿಂದೊಂದು ಓಡಿಸುವ ಆದೇಶಗಳ ಪಟ್ಟಿ) ಬರೆದೆ. ಮೂವತ್ತು ದಿನಕ್ಕಿಂತ ಹಳೆಯದನ್ನು ಅಳಿಸುವುದು ಅದರ ಕೆಲಸ. ನನ್ನ ಬುದ್ಧಿವಂತಿಕೆ ನೋಡಿ: 20240305ರಿಂದ 30 ಕಳೆದೆ, 20240275 ಬಂತು. ಅದಕ್ಕಿಂತ ಚಿಕ್ಕ ಹೆಸರಿನ ಫೈಲುಗಳನ್ನೆಲ್ಲ ಅಳಿಸು ಅಂದೆ.

ಗುಮಾಸ್ತರು ಪರದೆ ಮೇಲಿನ ಸಾಲು ಓದಿ, "ತಮ್ಮಾ, ಫೆಬ್ರವರಿ 75 ಅಂದ್ರೆ ಯಾವತ್ತೋ?" ಅಂದರು. ಅಷ್ಟರಲ್ಲಿ ಫೆಬ್ರವರಿಯ ಅಷ್ಟೂ ಫೈಲು ಹೋಗಿತ್ತು. ಫೆಬ್ರವರಿ 4ರಿಂದ ಈಚಿನವು ಉಳಿಯಬೇಕಿತ್ತು; ಉಳಿದದ್ದು ಮಾರ್ಚಿನ ನಾಲ್ಕು. ಇಪ್ಪತ್ತಾರು ರಾತ್ರಿಯ ಬ್ಯಾಕಪ್ಪು ಒಂದು ಕಳೆಯುವ ಲೆಕ್ಕಕ್ಕೆ ಬಲಿ.

ಎಂಟು ಅಂಕಿಯ ತಾರೀಖು ಹೋಲಿಸುವುದಕ್ಕೆ ಚೆನ್ನಾಗಿದೆ. ಯಾವುದು ಹಿಂದು, ಯಾವುದು ಮುಂದು ಅಂತ ತಪ್ಪಿಲ್ಲದೆ ಹೇಳುತ್ತದೆ. ಕೂಡಿ ಕಳೆಯುವುದಕ್ಕೆ ಮಾತ್ರ ಅದು ಸಂಖ್ಯೆಯೇ ಅಲ್ಲ, ಸಂಖ್ಯೆಯ ವೇಷ ಹಾಕಿದ ಹೆಸರು. ಕೂಡಬೇಕಾದರೆ ತಾರೀಖನ್ನು ಮೊದಲು ದಿನಗಳ ಎಣಿಕೆಗೆ ಇಳಿಸಬೇಕು, ಅಲ್ಲಿ ಕೂಡಿ ಕಳೆದು, ಮತ್ತೆ ತಾರೀಖಿಗೆ ಏರಿಸಬೇಕು. ಈ ಇಳಿಸುವುದು, ಏರಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಆದೇಶಗಳನ್ನು ಗುಮಾಸ್ತರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ವರ್ಷ, ತಿಂಗಳು, ಎಣಿಕೆ ಮುಂತಾದ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಬ್ಯಾಚ್ ಫೈಲಿನಲ್ಲಿ ಕನ್ನಡ ಅಕ್ಷರದ ಹೆಸರಿಟ್ಟರೆ ಕೋಡ್ ಪೇಜ್ (ಅಕ್ಷರಗಳ ಸಂಕೇತ ಪಟ್ಟಿ) ತಕರಾರು ಶುರುವಾಗುತ್ತದೆ.

ಮೊದಲ ಹೆಜ್ಜೆ: ಕೀಬೋರ್ಡ್ ಮುಟ್ಟುವ ಮೊದಲು ಕೇಳಬೇಕಾದದ್ದು

"45 ದಿನದ ವಾಯಿದೆ" ಅಂದರು ಸಾಹುಕಾರ್ರು. ಮಾಲು ಕೊಟ್ಟ ದಿನ ಸೇರಿಸಿ 45 ದಿನವೋ, ಮರುದಿನದಿಂದ ಎಣಿಸಿ 45 ದಿನವೋ? ಸಾಹುಕಾರ್ರಿಗೆ ಅದು ಬಾಯಿಪಾಠ, ಕೇಳಿದರೆ ನಗುತ್ತಾರೆ. ಆದರೂ ಕೇಳಿ. ನಮ್ಮಲ್ಲಿ ಮರುದಿನದಿಂದ ಎಣಿಕೆ. ಹಾಗಾದರೆ ಸುಮ್ಮನೆ 45 ಕೂಡಿದರೆ ಆಯಿತು. ಮೊದಲ ದಿನವೂ ಲೆಕ್ಕಕ್ಕೆ ಬರುವ ಕಡೆ ಒಂದು ಕಡಿಮೆ ಕೂಡಬೇಕು. ಭದ್ರಾ ನಾಲೆಗೆ ಜನವರಿ 10, 2025ರಿಂದ 120 ದಿನ ನೀರು ಅಂತ ಇಟ್ಟುಕೊಳ್ಳಿ. ನೀರು ಬಿಟ್ಟ ದಿನವೂ ಸೇರಿದರೆ ಕೊನೆಯ ದಿನ ಮೇ 9. ಕಣ್ಣು ಮುಚ್ಚಿ 120 ಕೂಡಿದರೆ ಮೇ 10 ಬರುತ್ತದೆ. ಗದ್ದೆಯಲ್ಲಿ ಆ ಒಂದು ದಿನಕ್ಕೆ ಎಷ್ಟು ಬೆಲೆ ಅನ್ನುವುದನ್ನು ಕೊನೇ ಭಾಗದ ರೈತರನ್ನು ಕೇಳಬೇಕು.

ಇನ್ನೊಂದು ಪ್ರಶ್ನೆ: "ಒಂದು ತಿಂಗಳು" ಅಂದರೆ 30 ದಿನವೋ, ಮುಂದಿನ ತಿಂಗಳ ಅದೇ ತಾರೀಖೋ? ಎರಡೂ ಬೇರೆ ಬೇರೆ ಲೆಕ್ಕ. ಇದನ್ನು ಕೊನೆಯ ಹೊತ್ತಿಗೆ ಮತ್ತೆ ಎತ್ತಿಕೊಳ್ಳುತ್ತೇನೆ.

ಎರಡನೇ ಹೆಜ್ಜೆ: ಇವತ್ತಿನ ತಾರೀಖನ್ನು ನಂಬುವ ಹಾಗೆ ಪಡೆಯುವುದು

ಬ್ಯಾಚ್ ಫೈಲಿನಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಡೇಟ್ ಅಂತ ಬರೆದರೆ ಇವತ್ತಿನ ತಾರೀಖು ಸಿಗುತ್ತದೆ. ಆದರೆ ಅದು ಬರುವ ರೂಪ ಆ ಕಂಪ್ಯೂಟರಿನ ರೀಜನ್ ಸೆಟ್ಟಿಂಗಿಗೆ ತಕ್ಕಂತೆ. ಭಾರತದ ಸೆಟ್ಟಿಂಗ್ ಇದ್ದರೆ 05-03-2024 ಬರುತ್ತದೆ. ಅಮೆರಿಕದ್ದಿದ್ದರೆ ಮೊದಲು ವಾರದ ಹೆಸರು, ಆಮೇಲೆ 03/05/2024. ಮೊದಲ ಎರಡು ಅಕ್ಷರ ದಿನ ಅಂತ ಕತ್ತರಿಸಿಕೊಂಡವನಿಗೆ ಅಲ್ಲಿ ಸಿಗುವುದು ವಾರದ ಹೆಸರಿನ ತುಂಡು. ನಿಮ್ಮ ಯಂತ್ರದಲ್ಲಿ ಸರಿಯಾಗಿ ಓಡಿದ ಫೈಲು ಪಕ್ಕದ ಅಂಗಡಿಯಲ್ಲಿ ಕೈಕೊಡುವುದು ಬಹುಪಾಲು ಇದರಿಂದಲೇ.

ಹಳಬರು ಇದಕ್ಕೆ ವಿಮಿಕ್ ಅನ್ನುವ ಸಾಧನ ಬಳಸುತ್ತಿದ್ದರು. ಅದು ಯಾವ ಸೆಟ್ಟಿಂಗ್ ಇದ್ದರೂ ಒಂದೇ ರೂಪದಲ್ಲಿ ತಾರೀಖು ಕೊಡುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತ ಬಂದಿದೆ, ಹೊಸ ವಿಂಡೋಸ್ 11ರಲ್ಲಿ ತಾನಾಗಿ ಸಿಗುವುದಿಲ್ಲ. ಹಾಗಾಗಿ ಹೊಸ ಫೈಲು ಬರೆಯುವವರು ಅದರ ತಂಟೆಗೆ ಹೋಗಬೇಡಿ. ವಿಂಡೋಸ್ 7ರಿಂದ ಈಚೆಗೆ ಪವರ್‌ಶೆಲ್ ಅನ್ನುವ ಇನ್ನೊಂದು ಆದೇಶ ಭಾಷೆ ಜೊತೆಯಲ್ಲೇ ಬರುತ್ತದೆ. ಬ್ಯಾಚ್ ಫೈಲಿನ ಒಳಗಿಂದಲೇ ಅದನ್ನು ಕರೆದು ಗೆಟ್-ಡೇಟ್ ಆದೇಶಕ್ಕೆ ಫಾರ್ಮ್ಯಾಟ್ ಹೇಳಿ, ಬಂದ ಉತ್ತರವನ್ನು ಫಾರ್ /ಎಫ್ ಮೂಲಕ ವರ್ಷ, ತಿಂಗಳು, ದಿನ ಅಂತ ಮೂರು ತುಂಡು ಮಾಡಿಕೊಳ್ಳಿ.

ಫಾರ್ಮ್ಯಾಟಿನಲ್ಲಿ ಒಂದು ಕಳ್ಳಗಿಂಡಿ ಇದೆ. ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ಸಣ್ಣದು ಹಾಕಿ 9 ಗಂಟೆ 47 ನಿಮಿಷಕ್ಕೆ ಓಡಿಸಿದರೆ ವರ್ಷದ ನಲವತ್ತೇಳನೇ ತಿಂಗಳು ಬರುತ್ತದೆ. 9 ಗಂಟೆ 3 ನಿಮಿಷಕ್ಕೆ ಓಡಿಸಿದರೆ ಇನ್ನೂ ಕೆಟ್ಟದು: ಮಾರ್ಚ್ ಅಂತ ಬಂದು, ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ಸಣ್ಣ ವೈ ನಾಲ್ಕು, ಜಾಗ ಬಿಟ್ಟು ದೊಡ್ಡ ಎಂ ಒಂದೇ, ಜಾಗ ಬಿಟ್ಟು ಸಣ್ಣ ಡಿ ಒಂದೇ ಕೊಡಿ. ಒಂದೇ ಅಕ್ಷರ ಕೊಟ್ಟರೆ 08 ಅಂತ ಸೊನ್ನೆ ಸೇರಿ ಬರುವುದಿಲ್ಲ, ಬರೀ 8 ಬರುತ್ತದೆ. ಅದು ಯಾಕೆ ಮುಖ್ಯ ಅನ್ನುವುದು ಮುಂದಿನ ಹೆಜ್ಜೆಯಲ್ಲಿದೆ.

ಮೂರನೇ ಹೆಜ್ಜೆ: ಆಗಸ್ಟಿನ ಕಂಟಕ

ಬ್ಯಾಚ್ ಭಾಷೆಯಲ್ಲಿ ಲೆಕ್ಕ ಮಾಡುವುದು ಸೆಟ್ /ಎ. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ಎಂಟರ ಮಾನದ್ದು ಅಂತ ತಿಳಿಯುತ್ತದೆ. ಎಂಟರ ಮಾನದಲ್ಲಿ ಇರುವ ಅಂಕಿ 0ಯಿಂದ 7ರವರೆಗೆ ಮಾತ್ರ. 01ರಿಂದ 07ರವರೆಗೆ ಬೆಲೆ ಒಂದೇ ಆದ್ದರಿಂದ ಏನೂ ತೊಂದರೆ ಕಾಣುವುದಿಲ್ಲ. 08, 09 ಬಂದ ಕೂಡಲೇ ಇದು ಸಂಖ್ಯೆಯೇ ಅಲ್ಲ ಅಂತ ದೂರು ಕೊಟ್ಟು ನಿಲ್ಲುತ್ತದೆ.

ಇದರ ಫಲ ವಿಚಿತ್ರ. ಅಕ್ಟೋಬರಿನಲ್ಲಿ ಬರೆದ ಫೈಲು ಪ್ರತಿ ತಿಂಗಳು 8, 9ನೇ ತಾರೀಖು ಮಾತ್ರ ಮಲಗುತ್ತದೆ. ಉಳಿದ ದಿನ ಆರಾಮ. ಆಗಸ್ಟ್ 1 ಬಂದ ಮೇಲೆ ಎರಡು ತಿಂಗಳು ಏಳುವುದೇ ಇಲ್ಲ. ಅಕ್ಟೋಬರ್ ಬಂದರೆ ತಾನಾಗಿ ಸರಿಹೋಗುತ್ತದೆ, ಎಲ್ಲರೂ ವೈರಸ್ ಇತ್ತು ಅಂತ ಮಾತಾಡಿಕೊಳ್ಳುತ್ತಾರೆ.

ಮದ್ದು ಸುಲಭ. ಎರಡಂಕಿಯ ಮುಂದೆ ಒಂದು 1 ಅಂಟಿಸಿ, ಆಮೇಲೆ 100 ಕಳೆಯಿರಿ. 08 ಹೋಗಿ 108 ಆಯಿತು, 100 ಕಳೆದರೆ 8. ಪವರ್‌ಶೆಲ್‌ನಿಂದ ಸೊನ್ನೆಯಿಲ್ಲದೆ ತಂದಿದ್ದರೂ, ಫೈಲಿನ ಹೆಸರಿನಿಂದ ಕತ್ತರಿಸಿಕೊಂಡ ತಿಂಗಳಿಗೂ ದಿನಕ್ಕೂ ಇದನ್ನು ಮಾಡಲೇಬೇಕು.

ನಾಲ್ಕನೇ ಹೆಜ್ಜೆ: ತಾರೀಖಿನಿಂದ ಎಣಿಕೆಗೆ

ಯಾವುದೋ ಒಂದು ಹಳೆಯ ದಿನದಿಂದ ಇವತ್ತಿಗೆ ಎಷ್ಟನೇ ದಿನ ಅನ್ನುವ ಒಂದೇ ಸಂಖ್ಯೆ ನಮಗೆ ಬೇಕು. ಪಂಚಾಂಗ ಕಟ್ಟುವವರಿಗೆ ಇದು ಹೊಸದಲ್ಲ, ಅವರು ಇದನ್ನು ಅಹರ್ಗಣ ಅನ್ನುತ್ತಾರೆ. ಕಲಿಯುಗದ ಮೊದಲ ದಿನದಿಂದ ದಿನಗಳ ರಾಶಿ. ಎಕ್ಸೆಲ್ ಒಳಗೆ ಮಾಡುವುದೂ ಇದನ್ನೇ: 5-3-2024 ಅದಕ್ಕೆ 45356, ಪರದೆಯ ಮೇಲೆ ಮಾತ್ರ ತಾರೀಖಿನ ಅಂಗಿ. ಲಿನಕ್ಸ್ 1-1-1970ರಿಂದ ಸೆಕೆಂಡು ಎಣಿಸುತ್ತದೆ. ನಾವು ಖಗೋಳ ಶಾಸ್ತ್ರದವರು ಬಳಸುವ ಜೂಲಿಯನ್ ದಿನದ ಸಂಖ್ಯೆ ತೆಗೆದುಕೊಳ್ಳೋಣ. 1-1-2000ಕ್ಕೆ ಅದು 2451545.

ಸೆಟ್ /ಎ ಗೆ ದಶಮಾಂಶ ಗೊತ್ತಿಲ್ಲ. ಭಾಗಿಸಿದರೆ ಶೇಷ ಬಿಸಾಡಿ ಪೂರ್ಣಾಂಕ ಮಾತ್ರ ಕೊಡುತ್ತದೆ. ಈ ಕೊರತೆಯೇ ಇಲ್ಲಿ ನಮಗೆ ಅನುಕೂಲ, ಸೂತ್ರ ನಿಂತಿರುವುದೇ ಅದರ ಮೇಲೆ:

ಸೆಟ್ /ಎ ಕ = (14 - ತಿಂಗಳು) / 12
ಸೆಟ್ /ಎ ವ = ವರ್ಷ + 4800 - ಕ
ಸೆಟ್ /ಎ ಮ = ತಿಂಗಳು + 12 * ಕ - 3
ಸೆಟ್ /ಎ ಎಣಿಕೆ = ದಿನ + (153 * ಮ + 2) / 5 + 365 * ವ + ವ / 4 - ವ / 100 + ವ / 400 - 32045

ಸೆಟ್ /ಎ ಒಳಗೆ ಹೆಸರುಗಳಿಗೆ ಶೇಕಡಾ ಚಿಹ್ನೆ ಬೇಡ. ಇಫ್ ಅಥವಾ ಫಾರ್‌ನ ಆವರಣದ ಒಳಗೆ ಈ ಸಾಲುಗಳನ್ನು ಹಾಕುವುದಾದರೆ ಇಡೀ ಲೆಕ್ಕವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲವಾದರೆ ಲೆಕ್ಕದ ಕಂಸವನ್ನೇ ಆವರಣ ಮುಗಿಯಿತೆಂದು ತಿಳಿದುಬಿಡುತ್ತದೆ.

ಸೂತ್ರ ನೋಡಿ ಹೆದರಬೇಡಿ, ಒಳಗೆ ತಿರುಳು ಚಿಕ್ಕದು. ವರ್ಷವನ್ನು ಜನವರಿಯ ಬದಲು ಮಾರ್ಚಿನಿಂದ ಶುರು ಮಾಡಿದ್ದಾರೆ, ನಮ್ಮ ಯುಗಾದಿಯ ಲೆಕ್ಕದ ಹಾಗೆ ಅನ್ನಿ. ಜನವರಿ, ಫೆಬ್ರವರಿ ಹಿಂದಿನ ವರ್ಷದ ಬಾಲಕ್ಕೆ ಹೋಗುತ್ತವೆ. "ಕ" ಇರುವುದು ಅದಕ್ಕೇ. ಹಾಗೆ ಮಾಡಿದರೆ ಫೆಬ್ರವರಿ 29 ವರ್ಷದ ಕಟ್ಟಕಡೆಯ ದಿನವಾಗುತ್ತದೆ. ಬಂದರೂ ಬಾರದಿದ್ದರೂ ಮಧ್ಯದ ಯಾವ ತಿಂಗಳನ್ನೂ ಅಲುಗಾಡಿಸುವುದಿಲ್ಲ. ಮಾರ್ಚಿನಿಂದ ಮುಷ್ಟಿಯ ಗೆಣ್ಣಿನ ಮೇಲೆ ಎಣಿಸಿಕೊಂಡು ಹೋಗಿ: 31, 30, 31, 30, 31. ಐದು ತಿಂಗಳಿಗೆ 153 ದಿನ. ಆಗಸ್ಟಿನಿಂದ ಮತ್ತೆ ಅದೇ ಐದು, ಅದೇ 153. ಸೂತ್ರದ 153, 5 ಬಂದದ್ದು ಅಲ್ಲಿಂದ. ನಾಲ್ಕು, ನೂರು, ನಾನೂರರ ಭಾಗ ಅಧಿಕ ವರ್ಷದ ನಿಯಮ: 2000 ಅಧಿಕ ವರ್ಷ, 1900 ಅಲ್ಲ, 2100 ಕೂಡ ಅಲ್ಲ.

ಕೈಯಲ್ಲಿ ಒಮ್ಮೆ ಮಾಡಿ ನೋಡೋಣ. ಮಾಲು ಕೊಟ್ಟದ್ದು 20-1-2024. ಕ = 13 / 12, ಅಂದರೆ 1. ವ = 6823. ಮ = 10. ತಿಂಗಳ ಪಾಲು 1532 / 5, ಅಂದರೆ 306. ವರ್ಷದ ಪಾಲು 2490395. ಅಧಿಕ ದಿನ 1705, ಅದರಲ್ಲಿ 68 ಕಳೆದು 17 ಕೂಡಬೇಕು. ಎಲ್ಲ ಸೇರಿ 32045 ಕಳೆದರೆ 2460330.

ಐದನೇ ಹೆಜ್ಜೆ: ಕೂಡುವುದು, ಕಳೆಯುವುದು

ಇಷ್ಟೆಲ್ಲ ಮಾಡಿದ್ದು ಈ ಒಂದು ಸಾಲಿಗೆ. 2460330 + 45 = 2460375. ಹಿಂದೆ ಹೋಗಬೇಕಾದರೆ ಕಳೆಯಿರಿ. ಎರಡು ತಾರೀಖಿನ ಅಂತರ ಬೇಕಾದರೆ ಎರಡರ ಎಣಿಕೆಯನ್ನೂ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದದ್ದು 15-8-1997ರಂದು, ಎಣಿಕೆ 2450676. ಅಲ್ಲಿಂದ 5-3-2024ಕ್ಕೆ ಸರಿಯಾಗಿ 9699 ದಿನ.

ಆರನೇ ಹೆಜ್ಜೆ: ಎಣಿಕೆಯಿಂದ ತಾರೀಖಿಗೆ

ಸೆಟ್ /ಎ ಅ = ಎಣಿಕೆ + 32044
ಸೆಟ್ /ಎ ಬ = (4 * ಅ + 3) / 146097
ಸೆಟ್ /ಎ ಚ = ಅ - 146097 * ಬ / 4
ಸೆಟ್ /ಎ ಡ = (4 * ಚ + 3) / 1461
ಸೆಟ್ /ಎ ಎ = ಚ - 1461 * ಡ / 4
ಸೆಟ್ /ಎ ಮ = (5 * ಎ + 2) / 153
ಸೆಟ್ /ಎ ದಿನ = ಎ - (153 * ಮ + 2) / 5 + 1
ಸೆಟ್ /ಎ ತಿಂಗಳು = ಮ + 3 - 12 * (ಮ / 10)
ಸೆಟ್ /ಎ ವರ್ಷ = 100 * ಬ + ಡ - 4800 + ಮ / 10

146097 ಅಂದರೆ ನಾನೂರು ವರ್ಷದ ಒಟ್ಟು ದಿನ, 1461 ಅಂದರೆ ನಾಲ್ಕು ವರ್ಷದ್ದು. ಗುಣಿಸಿ ಆಮೇಲೆ ಭಾಗಿಸುವ ಕ್ರಮವನ್ನು ಬದಲಿಸಬೇಡಿ. 146097ನ್ನು ಮೊದಲೇ 4ರಿಂದ ಭಾಗಿಸಿಬಿಟ್ಟರೆ ಶೇಷ ಹೋಗಿ ಲೆಕ್ಕ ಜಾರುತ್ತದೆ. ಮೂರನೇ ಸಾಲಿಗೆ ಚೆಂದ ಕಾಣಲೆಂದು ಕಂಸ ಹಾಕಲು ಹೋಗಿ ನಾನು ಒಂದು ಸಂಜೆ ಕಳೆದಿದ್ದೇನೆ.

2460375 ಕೊಟ್ಟರೆ: ಅ 2492419, ಬ 68, ಚ 8770, ಡ 24, ಎ 4, ಮ 0. ಕೊನೆಗೆ 5-3-2024. ಅಧಿಕ ವರ್ಷವಲ್ಲದ 2025ರಲ್ಲಿ ಇದೇ ಜನವರಿ 20ಕ್ಕೆ 45 ಕೂಡಿದರೆ ಮಾರ್ಚ್ 6. ಫೈಲಿನ ಹೆಸರಿಗೆ ಎರಡಂಕಿ ಬೇಕಾದರೆ ದಿನದ ಮುಂದೆ ಒಂದು 0 ಅಂಟಿಸಿ, ಕೊನೆಯ ಎರಡು ಅಕ್ಷರ ಮಾತ್ರ ತೆಗೆದುಕೊಳ್ಳಿ.

ಏಳನೇ ಹೆಜ್ಜೆ: ವಾರ ಮತ್ತು ಬ್ಯಾಂಕ್ ರಜೆ

ಎಣಿಕೆ ಕೈಯಲ್ಲಿದ್ದರೆ ವಾರ ಬಿಟ್ಟಿ ಸಿಗುತ್ತದೆ. 7ರಿಂದ ಭಾಗಿಸಿ ಶೇಷ ನೋಡಿ: 0 ಸೋಮವಾರ, 1 ಮಂಗಳವಾರ, ಹೀಗೇ 5 ಶನಿವಾರ, 6 ಭಾನುವಾರ. ಶೇಷ ತೆಗೆಯುವ ಗುರುತು ಶೇಕಡಾ ಚಿಹ್ನೆ. ಕಪ್ಪು ಪರದೆಯಲ್ಲಿ ನೇರವಾಗಿ ಬರೆದರೆ ಒಂದು ಸಾಕು, ಬ್ಯಾಚ್ ಫೈಲಿನಲ್ಲಿ ಎರಡು ಹಾಕಬೇಕು. ಒಂದೇ ಹಾಕಿದರೆ ಅದನ್ನು ಹೆಸರಿನ ಗುರುತೆಂದು ತಿಳಿದು ನುಂಗಿಬಿಡುತ್ತದೆ.

ಮಂಡಿಯಲ್ಲಿ ಇದು ಬೇಕಾಗುವುದು ಚೆಕ್ಕಿಗೆ. ಭಾನುವಾರ ಬ್ಯಾಂಕಿಲ್ಲ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರವೂ ಇಲ್ಲ. ಶನಿವಾರ ಎಷ್ಟನೆಯದು ಅಂತ ತಿಳಿಯಲು ದಿನದಿಂದ 1 ಕಳೆದು 7ರಿಂದ ಭಾಗಿಸಿ. 1 ಬಂದರೆ ಎರಡನೇ ಶನಿವಾರ, 3 ಬಂದರೆ ನಾಲ್ಕನೆಯದು. ರಜೆಯಾದರೆ ಎಣಿಕೆಗೆ 1 ಕೂಡಿ, ಗೋಟು ಹಾಕಿ ಮತ್ತೆ ಪರೀಕ್ಷೆಯ ಸಾಲಿಗೇ ಹೋಗಿ. ಒಮ್ಮೆ ನೋಡಿ ಬಿಟ್ಟರೆ ಸಾಲದು. ಉದಾಹರಣೆಗೆ 23-1-2024ರ ಮಾಲಿನ ವಾಯಿದೆ ಮಾರ್ಚ್ 8ಕ್ಕೆ ಬಿತ್ತು. ಅವತ್ತು ಶುಕ್ರವಾರ, ಮಹಾಶಿವರಾತ್ರಿ. 9 ಎರಡನೇ ಶನಿವಾರ. 10 ಭಾನುವಾರ. ಚೆಕ್ ಹಾಕಬೇಕಾದದ್ದು ಸೋಮವಾರ 11ಕ್ಕೆ.

ಶಿವರಾತ್ರಿ ಈ ಸೂತ್ರದಿಂದ ಹುಟ್ಟುವುದಿಲ್ಲ ಅನ್ನುವುದನ್ನು ಗಮನಿಸಿ. ತಿಥಿ ನಕ್ಷತ್ರದ ಹಬ್ಬಗಳು, ನಾಯಕನಹಟ್ಟಿ ತೇರು, ನಮ್ಮ ದುಗ್ಗಮ್ಮನ ಜಾತ್ರೆ ಇವಕ್ಕೆಲ್ಲ ಪಂಚಾಂಗವೇ ಗತಿ. ವರ್ಷಕ್ಕೊಮ್ಮೆ ಕೂತು ರಜೆಯ ತಾರೀಖುಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಬರೆದಿಡಿ, ಫೈಂಡ್‌ಸ್ಟ್ರ್ ಆದೇಶದಿಂದ ಅದರಲ್ಲಿ ಹುಡುಕಿಸಿ. ನಮ್ಮಲ್ಲಿ ಆ ಫೈಲು ಬರೆಯುವುದು ಗುಮಾಸ್ತರ ಹಕ್ಕು, ಯುಗಾದಿ ದಿನ ಹೊಸ ಪಂಚಾಂಗ ಕೈಗೆ ಬಂದ ಮೇಲೆ.

ಇಷ್ಟೆಲ್ಲ ಬೇಕಾ?

ನ್ಯಾಯವಾದ ಪ್ರಶ್ನೆ. ಪವರ್‌ಶೆಲ್ ಇರುವ ಯಂತ್ರದಲ್ಲಿ ಬೇಡ. ಗೆಟ್-ಡೇಟ್ ಅನ್ನು ಕಂಸದಲ್ಲಿಟ್ಟು, ಚುಕ್ಕಿ ಹಾಕಿ, ಆ್ಯಡ್‌ಡೇಸ್ ಅಂತ ಒಂದೇ ಪದವಾಗಿ ಬರೆದು ಕಂಸದಲ್ಲಿ 45 ಕೊಟ್ಟರೆ ಮುಗಿಯಿತು. ಹಿಂದಕ್ಕೆ ಹೋಗಲು -45. ಲಿನಕ್ಸಿನಲ್ಲಿ ಡೇಟ್ -ಡಿ ಕೊಟ್ಟು, ಉದ್ಧರಣ ಚಿಹ್ನೆಯೊಳಗೆ 45 ಡೇಸ್ ಅಂದರೆ ಅದೂ ಹೇಳುತ್ತದೆ. ಆದರೆ ಮಂಡಿಪೇಟೆಯ ಅಂಗಡಿಗಳಲ್ಲಿ ಹಳೆಯ ತೂಕದ ಸಾಫ್ಟ್‌ವೇರಿಗೋಸ್ಕರ ಇನ್ನೂ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರನ್ನು ನೋಡಿದ್ದೇನೆ. ಅದರ ಜೊತೆ ಪವರ್‌ಶೆಲ್ ಬರುವುದಿಲ್ಲ, ಅಲ್ಲಿ ಮೇಲಿನ ಹದಿಮೂರು ಸಾಲೇ ಆಸರೆ.

ತಿಂಗಳು ಕೂಡುವಾಗ ಮಾತ್ರ ಈ ಸಿದ್ಧ ಆದೇಶಗಳನ್ನೂ ನಂಬಿ ಕೂರಬೇಡಿ. 31-1-2024ಕ್ಕೆ ಒಂದು ತಿಂಗಳು ಕೂಡು ಅಂದರೆ ಪವರ್‌ಶೆಲ್ ಫೆಬ್ರವರಿ 29ಕ್ಕೆ ನಿಲ್ಲುತ್ತದೆ. ಲಿನಕ್ಸಿನ ಡೇಟ್ "ಫೆಬ್ರವರಿ 31" ಅಂತ ಒಂದು ದಿನ ಕಲ್ಪಿಸಿಕೊಂಡು, ಮಿಕ್ಕಿದ್ದನ್ನು ಮುಂದಕ್ಕೆ ತಳ್ಳಿ ಮಾರ್ಚ್ 2 ಅನ್ನುತ್ತದೆ. ಎರಡೂ ತಪ್ಪಲ್ಲ, ಪ್ರಶ್ನೆಯೇ ಸಡಿಲ. ಬಡ್ಡಿ ಲೆಕ್ಕಕ್ಕೆ ನಾನು ಪವರ್‌ಶೆಲ್ಲಿನ ಉತ್ತರ ಒಪ್ಪುತ್ತೇನೆ. ತಿಂಗಳ ಕೊನೆ ಅಂದವರ ಮನಸ್ಸಿನಲ್ಲಿ ಇರುವುದು ತಿಂಗಳ ಕೊನೆಯೇ.

ಲಿನಕ್ಸಿನವರಿಗೆ ಇನ್ನೊಂದು ಮಾತು. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನಮ್ಮ ಬೆಳಗಿನ ಐದೂವರೆವರೆಗೆ ಅಲ್ಲಿ ನಿನ್ನೆಯೇ ನಡೆಯುತ್ತಿರುತ್ತದೆ. ರಾತ್ರಿ ಎರಡಕ್ಕೆ ಓಡುವ ಬ್ಯಾಕಪ್ಪಿಗೆ ನಿನ್ನೆಯ ಹೆಸರು ಬಿದ್ದರೆ ಸೂತ್ರವನ್ನು ಬೈಯಬೇಡಿ.

ಪರೀಕ್ಷೆ, ಆಮೇಲೆ ಅಳಿಸುವುದು

ಬರೆದ ಮೇಲೆ ಇವನ್ನು ಕೊಟ್ಟು ನೋಡಿ. 1-1-2000ಕ್ಕೆ 2451545 ಬರಬೇಕು. 15-8-1997 ಶುಕ್ರವಾರ ಆಗಬೇಕು. 28-2-2024ಕ್ಕೆ ಒಂದು ಕೂಡಿದರೆ 29, 28-2-2025ಕ್ಕೆ ಕೂಡಿದರೆ ಮಾರ್ಚ್ 1, 28-2-2100ಕ್ಕೂ ಮಾರ್ಚ್ 1. 31-12-2024ಕ್ಕೆ ಕೂಡಿದರೆ ಹೊಸ ವರ್ಷ. ಆಮೇಲೆ ಎಣಿಸುತ್ತ ಸುತ್ತುವ ಫಾರ್ /ಎಲ್ ಆದೇಶ ಹಾಕಿ 2450676ರಿಂದ ಇಪ್ಪತ್ತು ಸಾವಿರ ದಿನ ಒಂದೊಂದಾಗಿ ತಾರೀಖಿಗೆ ಏರಿಸಿ, ಮತ್ತೆ ಎಣಿಕೆಗೆ ಇಳಿಸಿ. ಹೋದ ಸಂಖ್ಯೆಯೇ ವಾಪಸ್ ಬಾರದಿದ್ದರೆ ಅಲ್ಲೇ ನಿಲ್ಲಲಿ. ಈ ಒಂದು ಸುತ್ತು ಹಿಡಿಯುವ ತಪ್ಪನ್ನು ಕಣ್ಣು ಹಿಡಿಯುವುದಿಲ್ಲ.

ಬರೀ ಹಳೆಯ ಫೈಲು ಅಳಿಸುವುದಷ್ಟೇ ಕೆಲಸವಾದರೆ ಫಾರ್‌ಫೈಲ್ಸ್ ಅನ್ನುವ ಆದೇಶವಿದೆ. /ಡಿ -30 ಕೊಟ್ಟರೆ ಮೂವತ್ತು ದಿನ ಅಥವಾ ಅದಕ್ಕೂ ಹಿಂದೆ ಕೊನೆಯ ಬಾರಿ ಬದಲಾದ ಫೈಲುಗಳನ್ನು ಆರಿಸುತ್ತದೆ. ಆದರೆ ಅದು ನೋಡುವುದು ಬದಲಾದ ತಾರೀಖನ್ನು, ಹೆಸರಿನಲ್ಲಿರುವುದನ್ನಲ್ಲ. ಯಾರಾದರೂ ಹಳೆಯ ಫೈಲು ತೆರೆದು ಸೇವ್ ಮಾಡಿದರೆ ಅದು ಅವತ್ತೇ ಹುಟ್ಟಿದ ಹಾಗೆ. ನಮ್ಮಲ್ಲಿ ಹೆಸರೇ ಸಾಕ್ಷಿಯಾದ್ದರಿಂದ ನಾನು ಸೂತ್ರದ ದಾರಿಯಲ್ಲೇ ಉಳಿದೆ: ಇವತ್ತಿನ ಎಣಿಕೆಯಿಂದ 30 ಕಳೆದು, ಬಂದ ತಾರೀಖನ್ನು ಎಂಟು ಅಂಕಿ ಮಾಡಿ, ಫೈಲಿನ ಹೆಸರು ಅದಕ್ಕಿಂತ ಚಿಕ್ಕದಿದ್ದರೆ ಮಾತ್ರ ಅಳಿಸುವುದು. ಮಾರ್ಚ್ 5ಕ್ಕೆ ಈಗ ಅದು 20240204 ಅನ್ನುತ್ತದೆ.

ಅಳಿಸುವ ಡೆಲ್ ಆದೇಶದ ಮುಂದೆ ಮೊದಲು ಎಕೋ ಹಾಕಿಡಿ. ಆಗ ಅದು ಏನನ್ನೂ ಅಳಿಸದೆ, ಯಾವುದನ್ನು ಅಳಿಸುತ್ತಿದ್ದೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ. ತಿಂಗಳ ಕೊನೆಯೊಂದು ದಾಟುವವರೆಗೆ ಆ ಪಟ್ಟಿಯನ್ನು ಕಣ್ಣಾರೆ ನೋಡಿ, ಆಮೇಲೆ ಎಕೋ ತೆಗೆಯಿರಿ. ನಮ್ಮ ಮಂಡಿಯಲ್ಲಿ ಪಟ್ಟಿ ಪ್ರಿಂಟ್ ಆಗಿ ಗುಮಾಸ್ತರ ಮೇಜಿಗೆ ಹೋಗುತ್ತದೆ. ಅವರು ಕನ್ನಡಕ ಏರಿಸಿ ಮೊದಲು ನೋಡುವುದು ಕೊನೆಯ ಎರಡು ಅಂಕಿ 31 ದಾಟಿದೆಯಾ ಅಂತ.